ಬ್ಯಾಕ್ಟೀರಿಯಗಳಿಗೆ ನೆಲೆ ಕೊಡದ ಪಾಲಿಮರ್‌ಗಳು

ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರ ಪೂರ್ಣಗೊಂಡದ್ದು 1907ರಲ್ಲಿ. ಹಿರಿಯೂರಿನ ನಲ್ಲಿಗಳಿಗೆ ಬರುವುದು ಅದರ ನೀರು. ಶುದ್ಧೀಕರಿಸಿ ಬಿಟ್ಟ ಆ ನೀರನ್ನು ನೀವು ಮನೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ತುಂಬಿಡುತ್ತೀರಿ. ಕೆಲವು ತಿಂಗಳ ನಂತರ ಟ್ಯಾಂಕಿನ ಒಳಗೋಡೆಯನ್ನು ಸವರಿ ನೋಡಿ. ಬೆರಳಿಗೆ ಲೋಳೆ ಹತ್ತುತ್ತದೆ. ಇದು ಬಂದದ್ದು ಹೇಗೆ?

ನೀರಿನಲ್ಲಿ ಅಳಿದುಳಿದ ಬ್ಯಾಕ್ಟೀರಿಯ ಮೊದಲು ಗೋಡೆಗೆ ಸಡಿಲವಾಗಿ ತಾಗುತ್ತದೆ. ಅದರ ಗಾತ್ರ ಮಿಲಿಮೀಟರಿನ ಸುಮಾರು ಸಾವಿರದಲ್ಲೊಂದು ಪಾಲು. ಬಳಿಕ ಅಂಟನ್ನು ಸ್ರವಿಸಿ ಭದ್ರವಾಗಿ ನೆಲೆಸುತ್ತದೆ; ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತದೆ. ಹೀಗೆ ರೂಪುಗೊಂಡ ಪದರವೇ ಜೈವಿಕ ಪೊರೆ. ಅದರೊಳಗಿನ ಬ್ಯಾಕ್ಟೀರಿಯಗಳನ್ನು ಕ್ಲೋರೀನ್ ಸುಲಭವಾಗಿ ತಲಪಲಾರದು. ಆದ್ದರಿಂದ ಬ್ಲೀಚಿಂಗ್ ಪುಡಿ ಹಾಕಿದರಷ್ಟೇ ಸಾಲದು, ಟ್ಯಾಂಕನ್ನು ಉಜ್ಜಿ ತೊಳೆಯಬೇಕು.

ಆದರೆ ರೋಗಿಯ ಮೂತ್ರಕೋಶಕ್ಕೆ ಇಳಿಸಿದ ಸಿಲಿಕೋನ್ ನಳಿಕೆಯನ್ನು ಉಜ್ಜುವಂತಿಲ್ಲ. ಅಲ್ಲಿ ಪೊರೆ ಬೆಳೆದರೆ ಸೋಂಕು ತಗಲುತ್ತದೆ. ಪ್ರತಿಜೈವಿಕಗಳಿಗೂ ಅದು ಬಗ್ಗುವುದು ಕಷ್ಟ. ಅನೇಕ ವೇಳೆ ನಳಿಕೆಯನ್ನೇ ಬದಲಿಸಬೇಕಾಗುತ್ತದೆ.

ಇದನ್ನು ತಡೆಯಲು ಎರಡು ಮಾರ್ಗಗಳಿವೆ. ಒಂದು, ತಾಗಿದ ಬ್ಯಾಕ್ಟೀರಿಯವನ್ನು ಕೊಲ್ಲುವುದು. ಧನ ವಿದ್ಯುದಂಶವುಳ್ಳ ಕೆಲವು ಪಾಲಿಮರ್‌ಗಳು ಅದರ ಕೋಶಪೊರೆಯನ್ನು ಹರಿದುಹಾಕುತ್ತವೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಯಂತ ಹಲ್ದಾರ್ ಅವರ ತಂಡ ಇಂತಹ ಲೇಪಗಳನ್ನು ರೂಪಿಸಿದೆ. ಈ ಮಾರ್ಗಕ್ಕೆ ಒಂದು ತೊಡಕಿದೆ. ಸತ್ತ ಕೋಶಗಳು ಅಲ್ಲೇ ಉಳಿದರೆ, ಹೊಸದಾಗಿ ಬಂದವುಗಳಿಗೆ ಅವೇ ನೆಲೆಯಾಗಬಹುದು.

ಇನ್ನೊಂದು, ಅಂಟಲೇ ಬಿಡದಿರುವುದು. ಇದು ಕೆಸುವಿನ ಎಲೆಯಂತೆ ನೀರನ್ನು ಜಾರಿಸುವ ಉಪಾಯವೆಂದು ಭಾವಿಸಬೇಡಿ. ಪಾಲಿಎಥಿಲೀನ್ ಗ್ಲೈಕಾಲ್ ಮಾಡುವುದು ಇದಕ್ಕೆ ತದ್ವಿರುದ್ಧ. ಅದರ ಸರಪಳಿಗಳು ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದಿಡುತ್ತವೆ. ಬ್ಯಾಕ್ಟೀರಿಯ ಅಂಟಬೇಕಾದರೆ ಮೊದಲು ಆ ನೀರಿನ ಪದರವನ್ನು ಸರಿಸಬೇಕು. ಅದಕ್ಕೆ ಶಕ್ತಿ ವ್ಯಯವಾಗುತ್ತದೆ.

ನೀರನ್ನು ಹಿಡಿದಿಡುವುದೊಂದೇ ದಾರಿಯಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನೂರಾರು ಪಾಲಿಮರ್‌ಗಳನ್ನು ಗಾಜಿನ ಫಲಕದ ಮೇಲೆ ಚುಕ್ಕೆಗಳಾಗಿಟ್ಟು ಒಟ್ಟಿಗೆ ಪರೀಕ್ಷಿಸಿ, ಫಲಿತಾಂಶವನ್ನು 2012ರಲ್ಲಿ ಪ್ರಕಟಿಸಿದರು. ಎಸ್ಟರ್ ಗುಂಪೂ ಉಂಗುರಾಕಾರದ ಹೈಡ್ರೊಕಾರ್ಬನ್ನೂ ಇರುವ ಪಾಲಿಮರ್‌ಗಳು ಗೆದ್ದವು. ಆವರೆಗಿನ ಸಿದ್ಧಾಂತಗಳಿಂದ ಇದನ್ನು ಊಹಿಸುವಂತಿರಲಿಲ್ಲ. ಇವನ್ನು ಲೇಪಿಸಿದ ಸಿಲಿಕೋನಿನ ಮೇಲೆ ಬ್ಯಾಕ್ಟೀರಿಯ ಆವರಿಸಿದ ಜಾಗ, ಮಾರುಕಟ್ಟೆಯ ಬೆಳ್ಳಿ ಲೇಪಕ್ಕಿಂತ 30 ಪಟ್ಟಿನವರೆಗೆ ಕಡಿಮೆಯಿತ್ತು.

ಇದು ಪ್ರಯೋಗಶಾಲೆಯ ಮಾತು. ದೇಹದೊಳಗೆ ಪ್ರೋಟೀನು, ಲವಣಗಳು ಯಾವುದೇ ಲೇಪದ ಮೇಲೂ ಬೇಗ ಕೂರುತ್ತವೆ. ಬ್ಯಾಕ್ಟೀರಿಯ ಅವುಗಳ ಮೇಲೆ ಅಂಟಬಹುದು. ಒಳ್ಳೆಯ ಲೇಪ ಇವೆಲ್ಲವನ್ನೂ ದೂರವಿಡಬೇಕು, ದೇಹಕ್ಕೆ ಅಪಾಯಕಾರಿಯಾಗಬಾರದು, ಬಳಕೆಯ ಉದ್ದಕ್ಕೂ ಸವೆಯದೆ ಉಳಿಯಬೇಕು.