ಬೆರಳು ಕೇಳುವ ಪ್ರಶ್ನೆಗೆ ಪರದೆಯ ಉತ್ತರ

ಸೀರೆ ಅಂಗಡಿಗೆ ಬಂದ ಹೆಂಗಸು ಬಾಯಿಬಿಟ್ಟು ಕೇಳುವುದು ಕಡಿಮೆ. ಬಹುಪಾಲು ಪ್ರಶ್ನೆಗಳನ್ನು ಅವಳ ಕೈಯೇ ಕೇಳಿಬಿಡುತ್ತದೆ. ಮಡಿಕೆ ಬಿಚ್ಚಿ ಸೆರಗು ಹರವುತ್ತಾಳೆ, ದಡಿಯನ್ನು ಹೆಬ್ಬೆರಳಿನಲ್ಲಿ ತೀಡುತ್ತಾಳೆ, ಒಳಮೈ ತಿರುವುತ್ತಾಳೆ, ಬಾಗಿಲ ಬೆಳಕಿಗೆ ಒಯ್ದು ಬಣ್ಣ ನೋಡುತ್ತಾಳೆ. ಅದೇ ಸೀರೆಯನ್ನು ಆನ್‌ಲೈನ್ ಅಂಗಡಿಗೆ ಏರಿಸಿದಾಗ ಆ ಕೈ ಅಲ್ಲಿರುವುದಿಲ್ಲ. ಅದು ಕೇಳಬಹುದಾದ ಒಂದೊಂದು ಪ್ರಶ್ನೆಗೂ ಚಿತ್ರ, ಅಳತೆ, ನಾಲ್ಕು ಸಾಲಿನ ವಿವರಣೆ ಮೊದಲೇ ಉತ್ತರ ಕೊಟ್ಟಿರಬೇಕು. ಈ ಕೆಲಸವನ್ನು ಶ್ರದ್ಧೆಯಿಂದ ಮಾಡುವವರ ಬಗ್ಗೆ ನನಗೆ ನೇಕಾರರ ಬಗ್ಗೆ ಇರುವಷ್ಟೇ ಗೌರವವಿದೆ.

ಬಾಗಲಕೋಟೆ ಜಿಲ್ಲೆಯ ಇಳಕಲ್ ಸೀರೆಯನ್ನೇ ತೆಗೆದುಕೊಳ್ಳೋಣ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದಿರುವ ಈ ಸೀರೆಯ ಜೀವ ಇರುವುದು ಕೊಂಡಿಯಲ್ಲಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗಿನ ಹಾಸು ರೇಷ್ಮೆಯದು. ಈ ಎರಡರ ಎಳೆಗಳನ್ನು ಒಂದರೊಳಗೊಂದು ಕುಣಿಕೆಯಾಗಿ ಸಿಕ್ಕಿಸಿದ ಮೇಲೆ ಕೆಂಪು-ಬಿಳಿಯ ತೋಪು ತೆನೆ ಸೆರಗು ಹುಟ್ಟುತ್ತದೆ. ದಡಿಯಲ್ಲಿ ಚಿಕ್ಕಿ, ಗೋಮಿ, ಗಾಡಿ ಎಂಬ ಬಗೆಗಳಿವೆ. ಬಣ್ಣಗಳಲ್ಲಿ ದಾಳಿಂಬೆ ಕೆಂಪು, ನವಿಲು ಹಸಿರು, ಮದುವಣಗಿತ್ತಿಗೆ ಒಪ್ಪುವ ಗಿರಿಕುಂಕುಮ. ಇಷ್ಟನ್ನೂ ತಿಳಿಯದವರು ಇಳಕಲ್ ಸೀರೆಯನ್ನು ಪರದೆಗೆ ಏರಿಸಲು ಕೂರಬಾರದು. ‘ಸುಂದರ ಸಾಂಪ್ರದಾಯಿಕ ಸೀರೆ’ ಎಂದು ಬರೆದು ಕೈತೊಳೆದುಕೊಳ್ಳುವವರು ಇಂಥವರೇ.

ವೂಕಾಮರ್ಸ್‌ನಂಥ ತಂತ್ರಾಂಶದಲ್ಲಿ ಹೊಸ ಸರಕು ಸೇರಿಸಲು ಹೊರಟರೆ ಬೇಗನೆ ಎದುರಾಗುವ ಆಯ್ಕೆ: ಇದು ಸರಳ ಸರಕೋ, ಬಗೆಗಳುಳ್ಳ ಸರಕೋ? ಒಂದೇ ಅಂಗಿ ಮೂರು ಅಳತೆ, ಐದು ಬಣ್ಣಗಳಲ್ಲಿ ಬರುವುದಾದರೆ ಒಂದೇ ಪುಟ ಸಾಕು, ಒಳಗೆ ಬಗೆಗಳನ್ನು ಇಟ್ಟರಾಯಿತು. ಮಗ್ಗದ ಸೀರೆಯ ಮಾತು ಬೇರೆ. ಒಂದೇ ಬಣ್ಣದ ಪಾತ್ರೆಯಲ್ಲಿ ಅದ್ದಿದರೂ ಎರಡು ಲಡಿಗಳ ಛಾಯೆ ಒಂದೇ ಇರುವುದಿಲ್ಲ. ಹಾಗಾಗಿ ಬಲ್ಲವರು ಪ್ರತಿ ಸೀರೆಗೂ ಅದರದೇ ಪುಟ ಕೊಡುತ್ತಾರೆ. ಕೆಲಸ ಹತ್ತುಪಟ್ಟು ಹೆಚ್ಚುತ್ತದೆ, ನಿಜ. ಆದರೆ ಚಿತ್ರದಲ್ಲಿ ಕಂಡ ಸೀರೆಯೇ ಮನೆ ಬಾಗಿಲಿಗೆ ಬರುತ್ತದೆ.

ಪುಟಕ್ಕೊಂದು ಗುರುತಿನ ಸಂಕೇತ ಬೇಕು. ವ್ಯಾಪಾರದವರು ಅದನ್ನು ಎಸ್‌ಕೆಯು ಎನ್ನುತ್ತಾರೆ. ‘ಇಳ-ಹರೇ-ಗೋಮಿ-014’ ಎಂದರೆ ಇಳಕಲ್, ಹತ್ತಿ-ರೇಷ್ಮೆ, ಗೋಮಿ ದಡಿ, ಹದಿನಾಲ್ಕನೆಯದು. ಇದೇ ಸಂಕೇತದ ಚೀಟಿ ಕಪಾಟಿನ ಸೀರೆಗೂ ಅಂಟಿರಬೇಕು. ಮುನ್ನೂರು ಸೀರೆಗಳ ನಡುವೆ ಒಂದನ್ನು ಹುಡುಕಿ ತೆಗೆಯುವ ದಿನ ಇದರ ಬೆಲೆ ಗೊತ್ತಾಗುತ್ತದೆ.

ನಿಜವಾದ ಕಸುಬು ಕಾಣುವುದು ಚಿತ್ರಗಳಲ್ಲಿ. ಹಳದಿ ಬಲ್ಬಿನ ಕೆಳಗೆ ಗಿರಿಕುಂಕುಮ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ನೇರ ಬಿಸಿಲಿನಲ್ಲಿ ರೇಷ್ಮೆಯ ಹೊಳಪು ಉಳಿದೆಲ್ಲ ಬಣ್ಣವನ್ನು ನುಂಗುತ್ತದೆ. ಉತ್ತರದ ಕಿಟಕಿಯಿಂದ ಬರುವ ತಣ್ಣನೆಯ ಹಗಲು ಬೆಳಕೇ ವಾಸಿ. ಪಕ್ಕದಲ್ಲೊಂದು ಬಿಳಿ ಕಾಗದ ಇಟ್ಟುಕೊಂಡು, ಅದು ಚಿತ್ರದಲ್ಲೂ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ಹೊಂದಿಸಬೇಕು. ಆಮೇಲೆ ಪೂರ್ತಿ ಹರವಿದ ಸೆರಗು, ಅಳತೆಪಟ್ಟಿ ಇಟ್ಟು ತೆಗೆದ ದಡಿ, ಒಡಲಿನ ಚೌಕಳಿ ಅಥವಾ ಪಟ್ಟೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದವು ಇನ್ನೆರಡು: ಒಳಮೈಯ ಚಿತ್ರ ಮತ್ತು ಕೊಂಡಿ ಕೂಡಿರುವ ಜಾಗದ ಹತ್ತಿರದ ಚಿತ್ರ. ಕಸೂತಿ ಇದ್ದರಂತೂ ಒಳಮೈ ತೋರಿಸಲೇಬೇಕು. ಗವಂತಿ, ಮುರಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ತೆರನಾಗಿ ಕಾಣಬೇಕಾದವು. ಕೈಕಸೂತಿಯ ಅಚ್ಚುಕಟ್ಟುತನ ಅಲ್ಲೇ ಗೊತ್ತಾಗುತ್ತದೆ.

ವಿವರಣೆಯಲ್ಲಿ ಹೊಗಳಿಕೆ ಬೇಡ, ಸಂಗತಿ ಬೇಕು. ಒಡಲು ಹತ್ತಿಯೋ, ರೇಷ್ಮೆಯೋ, ಚಮಕಾ ಎನ್ನುವ ಕೃತಕ ರೇಷ್ಮೆಯೋ? ಕೈಮಗ್ಗವೋ, ವಿದ್ಯುತ್ ಮಗ್ಗವೋ? ಉದ್ದ ಆರು ಗಜವೋ, ಒಂಬತ್ತೋ? ಕುಪ್ಪಸದ ಬಟ್ಟೆ ಸೇರಿದೆಯೇ? ಮೊದಲ ಒಗೆತಕ್ಕೆ ಬಣ್ಣ ಬಿಡುತ್ತದೆಯೇ? ಕೈಮಗ್ಗದ ಮುದ್ರೆ 2006ರಿಂದಲೂ, ಶುದ್ಧ ರೇಷ್ಮೆಗೆ ಸಿಲ್ಕ್ ಮಾರ್ಕ್ 2004ರಿಂದಲೂ ಬಳಕೆಯಲ್ಲಿವೆ. ಇದ್ದರೆ ಅವುಗಳ ಚೀಟಿಯ ಚಿತ್ರವನ್ನೂ ಹಾಕಬೇಕು. ಚಮಕಾವನ್ನು ಚಮಕಾ ಎಂದೇ ಬರೆದು ಮಾರುವುದರಲ್ಲಿ ನಾಚಿಕೆಯೇನಿಲ್ಲ, ಅದಕ್ಕೂ ಕೊಳ್ಳುವವರಿದ್ದಾರೆ. ಅದನ್ನು ರೇಷ್ಮೆ ಎಂದು ಬರೆಯುವುದು ನೇಕಾರರಿಗೂ ಕೊಳ್ಳುವವರಿಗೂ ಒಟ್ಟಿಗೆ ಮಾಡುವ ಅನ್ಯಾಯ.

ಕಾನೂನೂ ಒಂದಷ್ಟು ಕೇಳುತ್ತದೆ. ಪೊಟ್ಟಣದ ಸರಕನ್ನು ಆನ್‌ಲೈನಿನಲ್ಲಿ ಮಾರುವವರು ತಯಾರಕರ ಹೆಸರು-ವಿಳಾಸ, ಪ್ರಮಾಣ, ತೆರಿಗೆಯೆಲ್ಲ ಸೇರಿದ ಗರಿಷ್ಠ ಬೆಲೆ ಮೊದಲಾದವನ್ನು ಪುಟದಲ್ಲೇ ತೋರಿಸಬೇಕೆಂಬ ನಿಯಮ 2018ರ ಜನವರಿ 1ರಿಂದ ಜಾರಿಯಲ್ಲಿದೆ. ಕಾನೂನು ಕೇಳದಿದ್ದರೂ, ಹುಡುಕುವವರಿಗೆ ಸಿಗಲೆಂದು ಇಳಕಲ್, ಇಲಕಲ್, ಇಲ್ಕಲ್ ಎಂಬ ಎಲ್ಲ ಬರಹಗಳನ್ನೂ ಪುಟದ ಗುರುತುಪದಗಳಲ್ಲಿ ಸೇರಿಸಬೇಕು.

ಪುಟ ಪ್ರಕಟವಾದ ಮೇಲೆ ಶುರುವಾಗುವ ದುಡಿಮೆ ಹೊರಗಿನವರಿಗೆ ಕಾಣುವುದಿಲ್ಲ. ಒಂದೇ ಇರುವ ಸೀರೆಯ ದಾಸ್ತಾನು ‘1’. ಅದನ್ನು ಬೆಳಿಗ್ಗೆ ಕಟ್ಟೆಯ ಮೇಲೆ ಯಾರಿಗೋ ಮಾರಿ, ಪರದೆಯಲ್ಲಿ ಸೊನ್ನೆ ಮಾಡದೆ ಬಿಟ್ಟರೆ ಮಧ್ಯಾಹ್ನ ಇನ್ನೊಬ್ಬರು ಅದಕ್ಕೇ ಹಣ ಕಟ್ಟಿರುತ್ತಾರೆ. ಹಣ ವಾಪಸು ಕೊಡಬಹುದು, ನಾಡಿದ್ದಿನ ಸೀಮಂತಕ್ಕೆಂದು ಆರಿಸಿದ ಸೀರೆಯನ್ನು ಕೊಡಲಾಗದು. ಅದಕ್ಕೇ ಅನುಭವಸ್ಥರು ಬಿಲ್ಲು ಹರಿಯುವ ಮೊದಲೇ ದಾಸ್ತಾನು ಇಳಿಸುತ್ತಾರೆ. ಹಣ ಕಟ್ಟದೆ ಅರ್ಧಕ್ಕೆ ನಿಂತ ಬೇಡಿಕೆಗಾಗಿ ಸರಕನ್ನು ಎಷ್ಟು ಹೊತ್ತು ಹಿಡಿದಿಡಬೇಕು ಎಂಬುದಕ್ಕೂ ವೂಕಾಮರ್ಸ್‌ನಲ್ಲಿ ಒಂದು ಅಂಕಣವಿದೆ. ಮೊದಲಿಗೆ ಅದು 60 ನಿಮಿಷ ಎಂದಿರುತ್ತದೆ. ಮಾರಿದ ಸೀರೆಯ ಪುಟವನ್ನು ಅಳಿಸಬಾರದು ಎಂಬುದು ನನ್ನ ಪಕ್ಕಾ ಅಭಿಪ್ರಾಯ. ‘ಮಾರಾಟವಾಗಿದೆ’ ಎಂದು ತೋರಿಸಿ, ಅಂಥದ್ದೇ ದಡಿಯ ಬೇರೆ ಸೀರೆಗಳಿಗೆ ಅಲ್ಲಿಂದ ದಾರಿ ಮಾಡಿಕೊಡಬೇಕು.

ಇಳಕಲ್ ಸೀರೆಯ ಜೊತೆಗೆ ಗುಳೇದಗುಡ್ಡದ ಖಣ ಕುಪ್ಪಸವಾಗುವುದು ಹಳೆಯ ರೂಢಿ. ಸಂಬಂಧಿತ ಸರಕುಗಳ ಅಂಕಣಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ತಂತ್ರಾಂಶ ತಾನಾಗಿ ಯಾವುದೋ ಪರ್ಸು, ಬಳೆ ತಂದು ಪಕ್ಕದಲ್ಲಿಡಲು ಬಿಡದೆ, ಸೀರೆಯ ದಡಿಗೆ ಒಪ್ಪುವ ಖಣವನ್ನು ಅಂಗಡಿಯವರೇ ಕಣ್ಣಾರೆ ನೋಡಿ ಜೋಡಿಸಬೇಕು.

ಕೊಳ್ಳುವವರಲ್ಲೂ ಒಂದು ಕೋರಿಕೆ. ಪರದೆಯ ಮೇಲೆ ಇಳಕಲ್ ಸೀರೆ ಮೆಚ್ಚಿದರೆ, ಹಣ ಕಟ್ಟುವ ಮುಂಚೆ ಕೊಂಡಿಯ ಮತ್ತು ಒಳಮೈಯ ಚಿತ್ರ ಕೇಳಿ. ಹಗಲು ಬೆಳಕಿನಲ್ಲಿ ತೆಗೆದು ಕಳಿಸುವ ಅಂಗಡಿಯಲ್ಲೇ ಕೊಳ್ಳಿ.