ಪ್ಲಾಟಿಗೆ ಹೂಂ, ಹೊಲಕ್ಕೆ ಉಹೂಂ

ಅಫಜಲಪುರ ತಾಲ್ಲೂಕಿನಲ್ಲಿ ಹುಟ್ಟಿ, ಅಮೆರಿಕದ ಡಲ್ಲಾಸಿನಲ್ಲಿ ನೌಕರಿ ಹಿಡಿದು, ಅಲ್ಲಿನ ಪೌರತ್ವವನ್ನೂ ಪಡೆದವರೊಬ್ಬರು ದತ್ತನ ದರ್ಶನಕ್ಕೆ ಗಾಣಗಾಪುರಕ್ಕೆ ಬಂದರೆನ್ನಿ. ಗುಡಿಯ ಆಸುಪಾಸಿನಲ್ಲಿ ಒಂದು ಎನ್‌ಎ (ಕೃಷಿಯೇತರ) ಪ್ಲಾಟು, ಭೀಮಾ–ಅಮರಜಾ ಸಂಗಮದ ಕಡೆ ಎರಡೆಕರೆ ತೊಗರಿ ಹೊಲ, ಎರಡೂ ಮಾರಾಟಕ್ಕಿವೆ. ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೆ ಪ್ಲಾಟನ್ನು ಅವರು ಯಾರ ಅಪ್ಪಣೆಯೂ ಇಲ್ಲದೆ ಕೊಳ್ಳಬಹುದು. ಹೊಲವನ್ನು ಮಾತ್ರ ಕೊಳ್ಳುವಂತಿಲ್ಲ. ಕೈಯಲ್ಲಿ ರೊಕ್ಕ ಎಷ್ಟಿದ್ದರೂ, ಅಪ್ಪ ಅಜ್ಜ ಇದೇ ಎರೆಮಣ್ಣಿನಲ್ಲಿ ಬಿತ್ತಿದವರಾದರೂ ಅಷ್ಟೆ.

‘ಕಾಯ್ದೆ ಬದಲಾಯ್ತಲ್ಲ, ಈಗ ಯಾರು ಬೇಕಾದರೂ ಹೊಲ ತಗೋಬಹುದು’ ಎನ್ನುವ ದಲ್ಲಾಳಿಗಳಿದ್ದಾರೆ. ಅದು ಅರ್ಧ ಸತ್ಯ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ರೈತರಲ್ಲದವರಿಗೆ ಮತ್ತು ಹೆಚ್ಚಿನ ಹೊರ ಆದಾಯವಿದ್ದವರಿಗೆ ಹೊಲ ಕೊಳ್ಳಲು ಅಡ್ಡಿಯಾಗಿದ್ದವು. 2020ರ ತಿದ್ದುಪಡಿ ಅವನ್ನು ತೆಗೆದುಹಾಕಿತು. ಅದರಿಂದ ಸೊಲ್ಲಾಪುರದ ಅಂಗಡಿಕಾರನೂ ಅಫಜಲಪುರದಲ್ಲಿ ಹೊಲ ಮಾಡಬಹುದಾಯಿತು. (ಕಲಬುರಗಿಯ ಅಂಗಡಿಕಾರ ಅಕ್ಕಲಕೋಟೆಗೆ ಹೋಗಿ ಅದನ್ನೇ ಮಾಡಲಾರ, ಮಹಾರಾಷ್ಟ್ರ ಇನ್ನೂ ರೈತನೇ ಬೇಕು ಎನ್ನುತ್ತದೆ.) ಆದರೆ ರಾಜ್ಯ ತೆಗೆದದ್ದು ತನ್ನ ಬೀಗವನ್ನು ಮಾತ್ರ. ಕೇಂದ್ರದ್ದು ಹಾಗೇ ಇದೆ. ಅದು ಭೂಮಿಯ ಕಾಯ್ದೆಯಲ್ಲ, ಹಣದ ಕಾಯ್ದೆ: 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಜನರ ಬಾಯಲ್ಲಿ ‘ಫೆಮಾ’. ಅದರಡಿಯ 2019ರ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರೂ ಓಸಿಐ ಕಾರ್ಡಿನವರೂ ಮನೆ, ಫ್ಲ್ಯಾಟು, ಅಂಗಡಿ, ನಿವೇಶನ ಎಷ್ಟಾದರೂ ಕೊಳ್ಳಬಹುದು; ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೂಡದು. ಹಣ ಬ್ಯಾಂಕಿನ ಮೂಲಕವೇ ಬರಬೇಕು, ಡಾಲರ್ ನೋಟಿನ ಕಟ್ಟು ನಡೆಯುವುದಿಲ್ಲ.

ಹಾಗಾದರೆ ಊರಲ್ಲಿರುವ ಅಪ್ಪನ ಹೊಲದ ಗತಿ? ನಮ್ಮ ಸೀಮೆಯ ಮನೆಗಳಲ್ಲಿ ಗೊಂದಲ ಹೆಚ್ಚಿರುವುದು ಇಲ್ಲಿ. ಕೊಳ್ಳುವುದಕ್ಕೆ ಬೇಡವೆಂದ ಕಾನೂನು ವಾರಸಾಗಿ ಬರುವುದನ್ನು ತಡೆಯುವುದಿಲ್ಲ. ಭಾರತದಲ್ಲೇ ನೆಲೆಸಿದ್ದ ತಂದೆ ತೀರಿಕೊಂಡರೆ ಡಲ್ಲಾಸಿನ ಮಗನ ಪಾಲು ಮಗನಿಗೆ ಬರುತ್ತದೆ. ಹಿಂದೂ ಕುಟುಂಬವಾದರೆ 2005ರ ತಿದ್ದುಪಡಿಯಂತೆ ದುಬೈಯಲ್ಲಿರುವ ಮಗಳಿಗೂ ಸಮಪಾಲು. ಆದರೆ ಬದುಕಿರುವಾಗಲೇ ತಂದೆ ಪ್ರೀತಿಯಿಂದ ಅದೇ ಹೊಲವನ್ನು ದಾನಪತ್ರ ಮಾಡಿಕೊಟ್ಟರೆ ಅದು ಫೆಮಾ ಉಲ್ಲಂಘನೆ. ಊರಿನ ಮನೆಯನ್ನು ದಾನ ಕೊಡಬಹುದು, ಹೊಲವನ್ನು ಉಯಿಲಿನಲ್ಲೇ ಬರೆಯಬೇಕು. ಎಷ್ಟೋ ಕುಟುಂಬಗಳಿಗೆ ಈ ವ್ಯತ್ಯಾಸ ನೋಂದಣಿ ಕಚೇರಿಗೆ ಹೋಗುವವರೆಗೂ ತಿಳಿದಿರುವುದಿಲ್ಲ. ಇನ್ನು, ಊರಲ್ಲಿದ್ದಾಗ ತಾನೇ ಕೊಂಡ ಹೊಲವನ್ನು ಪರದೇಶಕ್ಕೆ ಹೋದ ಮೇಲೂ ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ನೆಲೆಸಿದವರಿಗೇ ಮಾರಬೇಕು. ಮಾರಿದ ಹಣ ಎನ್‌ಆರ್‌ಒ (ಅನಿವಾಸಿಗಳ ರೂಪಾಯಿ) ಖಾತೆಗೆ ಬರುತ್ತದೆ, ತೆರಿಗೆ ಕಟ್ಟಿ ಅಲ್ಲಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಒಯ್ಯಬಹುದು.

‘ಗೆಳೆಯನ ಹೆಸರಿನಲ್ಲಿ ತಗೊಂಡರಾಯಿತು, ರೊಕ್ಕ ನಾನು ಕಳಿಸುತ್ತೇನೆ’ ಎಂಬ ಉಪಾಯ ಹಳೆಯದು. 2016ರ ತಿದ್ದುಪಡಿಯ ನಂತರ ಬೇನಾಮಿ ಆಸ್ತಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು, ಒಂದರಿಂದ ಏಳು ವರ್ಷ ಜೈಲೂ ಆಗಬಹುದು. ಅದಿರಲಿ, ಗೆಳೆಯ ತಿರುಗಿಬಿದ್ದರೆ ‘ಹೊಲ ನನ್ನದು’ ಎಂದು ದಾವೆ ಹೂಡುವ ದಾರಿಯೂ ಇಲ್ಲ.

ಭಾರತ ಮೂಲವೇ ಇಲ್ಲದ ವಿದೇಶಿಯರ ಲೆಕ್ಕ ಬೇರೆ. ಕೆಲಸದ ವೀಸಾದಲ್ಲಿ ಬಂದು, ಹಿಂದಿನ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಹೆಚ್ಚು ಇಲ್ಲಿದ್ದವರು ಮನೆ ಕೊಳ್ಳಬಹುದು. ಪ್ರವಾಸಿ ವೀಸಾದಲ್ಲಿ ಬಂದು ಸಂಗಮದ ದಡ ಮೆಚ್ಚಿದವರಿಗೆ ಆ ಅವಕಾಶ ಇಲ್ಲ, ಐದು ವರ್ಷ ಮೀರದ ಗುತ್ತಿಗೆ ಮಾತ್ರ. ಪಾಕಿಸ್ತಾನ, ಚೀನಾ, ನೇಪಾಳ, ಶ್ರೀಲಂಕಾ ಮುಂತಾದ ಕೆಲವು ದೇಶಗಳ ಪ್ರಜೆಗಳು, ಓಸಿಐ ಕಾರ್ಡಿನವರನ್ನು ಬಿಟ್ಟು, ರಿಸರ್ವ್ ಬ್ಯಾಂಕಿನ ಪೂರ್ವಾನುಮತಿ ಪಡೆಯಲೇಬೇಕು. ಹಿಂದೆ ಬಿಗಿ ಇನ್ನೂ ಹೆಚ್ಚಿತ್ತು. 1973ರ ‘ಫೆರಾ’ ಕಾಯ್ದೆಯಲ್ಲಿ ವಿದೇಶಿ ಪ್ರಜೆ ತನ್ನ ಸ್ವಂತ ಆಸ್ತಿಯನ್ನು ಕೊಡಲಿಕ್ಕೂ ರಿಸರ್ವ್ ಬ್ಯಾಂಕನ್ನು ಕೇಳಬೇಕಿತ್ತು. ಬೆಂಗಳೂರಿನ ಹಲಸೂರು ರಸ್ತೆಯ ಜಾಗವನ್ನು ವಿದೇಶಿ ಮಹಿಳೆಯೊಬ್ಬರು 1977ರಲ್ಲಿ ಆ ಅನುಮತಿ ಇಲ್ಲದೆ ದಾನ ಕೊಟ್ಟಿದ್ದರು. ಆ ದಾನ ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2021ರ ಫೆಬ್ರವರಿಯಲ್ಲಿ, 44 ವರ್ಷಗಳ ನಂತರ.

ನಿರಾಶ್ರಿತರಾಗಿ ಬಂದು ಇಲ್ಲೇ ನೆಲೆಸಿದ ಬೈಲುಕುಪ್ಪೆಯ ಟಿಬೆಟನ್ನರನ್ನು ನೋಡಿ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಅವರಿಗೆ ನೆಲ ಕೊಟ್ಟಿತು. ಕಾಡು ಕಡಿದು ಮೆಕ್ಕೆಜೋಳ ಬೆಳೆದರು. ಮೂರನೆಯ ತಲೆಮಾರು ಉಳುತ್ತಿದೆ, ಆದರೆ ಮಾಲೀಕತ್ವ ಅವರದಲ್ಲ, ಸರ್ಕಾರದ ಗುತ್ತಿಗೆ. ನನ್ನ ಮಟ್ಟಿಗೆ ಇದು ಇಡೀ ವ್ಯವಸ್ಥೆಯ ಅತ್ಯಂತ ಕಠಿಣ ಮುಖ. ಆದರೂ ಅವರಲ್ಲಿ 1950ರ ಜನವರಿ 26ರಿಂದ 1987ರ ಜೂನ್ ಕೊನೆಯ ತನಕ ಇಲ್ಲೇ ಹುಟ್ಟಿದವರು ಜನ್ಮದಿಂದಲೇ ಭಾರತೀಯರೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಒಪ್ಪಿದ್ದು ಸಣ್ಣ ವಿಷಯವೇನಲ್ಲ.

ಮತ್ತೆ ಗಾಣಗಾಪುರದ ಪ್ಲಾಟಿಗೆ ಬರೋಣ. ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ರಸ್ತೆ ಬಿಟ್ಟ ಮಾತ್ರಕ್ಕೆ ಹೊಲ ನಿವೇಶನವಾಗುವುದಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗುವವರೆಗೆ ಅದು ಪಹಣಿಯಲ್ಲಿ ಕೃಷಿ ಜಮೀನೇ. ಊರಲ್ಲಿರುವವರಿಗೆ ಅಂಥ ಪ್ಲಾಟು ಬರೀ ತಲೆನೋವು, ಪರದೇಶದಲ್ಲಿರುವವರಿಗೆ ಫೆಮಾ ಉಲ್ಲಂಘನೆ. ವ್ಯವಹಾರದ ಮೊತ್ತದ ಮೂರು ಪಟ್ಟು ತನಕ ದಂಡ ಬೀಳಬಹುದು. ಆದ್ದರಿಂದ ಮುಂಗಡ ಕೊಡುವ ಮೊದಲು ಎನ್‌ಎ ಆದೇಶದ ಪ್ರತಿ ಕೇಳಿ, ಅದರಲ್ಲಿರುವ ಸರ್ವೆ ನಂಬರನ್ನು ಪಹಣಿಯ ಜೊತೆ ನೀವೇ ತಾಳೆ ನೋಡಿ.