ಒಂದು ಗೇಣಿನ ಹಡಗು ಎಂಜಿನ್

ನೀವು ಹಡಗು ನೋಡಿದ್ದೀರಾ? ನಮ್ಮ ಆಂಡರ್ಸನ್‌ಪೇಟೆಯಲ್ಲಿ ಬಹಳ ಜನ ನೋಡಿಲ್ಲ. ಇಲ್ಲಿಂದ ಸಮುದ್ರ ದೂರ. ಎಷ್ಟು ಎತ್ತರ ಹತ್ತಿ ನಿಂತರೂ ಕಾಣೋದು ಸೈನೈಡ್ ಗುಡ್ಡ, ಬಂಡೆ, ನೀಲಗಿರಿ ತೋಪು.

ಆದರೂ ನಮ್ಮ ಬೀದಿಯ ಒಂದು ಶೆಡ್ಡಿನಲ್ಲಿ ಹಡಗಿನ ಎಂಜಿನ್ ತಯಾರಾಗುತ್ತಿದೆ. ಎತ್ತರ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಮಾಡುತ್ತಿರುವವರು ಒಬ್ಬ ಹಿರಿಯರು. ಬೀದಿಯವರೆಲ್ಲ ಅವರನ್ನು ಟರ್ನರ್ ತಾತ ಅಂತಾರೆ. ನಾವು ಸಂಜೆ ಓದು ಬರಹ ಕಲಿಸುವ ಮನೆಯ ಪಕ್ಕದಲ್ಲೇ ಅವರ ಶೆಡ್ಡು. ನಾವು ಅಕ್ಷರ ಹೇಳಿಕೊಡುವಾಗ ಆ ಕಡೆಯಿಂದ ಲೇತಿನ ಸದ್ದು ಬರ್ತಾ ಇರ್ತದೆ.

ಒಂದು ದಿನ ತರಗತಿಯ ಅಕ್ಕ ಒಬ್ಬರು ಕೇಳಿದರು. "ಟೀಚರ್, ತಾತ ಅದೇನು ಮಾಡ್ತಾರೆ? ಮಾರೋಕಾ?" ನಮಗೂ ಗೊತ್ತಿರಲಿಲ್ಲ. ಎಲ್ಲರೂ ಎದ್ದು ಹೋಗಿ ನೋಡಿದೆವು.

ಆವಿಯ ಕೆಲಸ

ಮೊದಲು ಆವಿಯ ವಿಷಯ ತಿಳಿದುಕೊಳ್ಳೋಣ. ಅನ್ನದ ಪಾತ್ರೆಯ ಮುಚ್ಚಳ ಕುಣಿಯುವುದನ್ನು ನೋಡಿದ್ದೀರಿ. ಒಂದು ಲೀಟರ್ ನೀರು ಪೂರ್ತಿ ಆವಿಯಾದರೆ ಸಾವಿರದ ಆರುನೂರು ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಜಾಗ ಕೊಡದೆ ಕೂಡಿಹಾಕಿದರೆ ಅದು ತಳ್ಳುತ್ತದೆ. ಆ ತಳ್ಳುವಿಕೆಯನ್ನು ಕೆಲಸಕ್ಕೆ ಹಚ್ಚುವುದೇ ಆವಿ ಎಂಜಿನ್.

ಇದು ನಮ್ಮ ಊರಿಗೆ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಕೋಲಾರದ ಚಿನ್ನದ ಗಣಿಗೆ ಬಂದರು. ಆಗ ಇಲ್ಲಿ ಕರೆಂಟ್ ಇರಲಿಲ್ಲ. ಅದಿರು ಮೇಲೆ ಬರಬೇಕಾದರೆ, ಗಣಿಯ ನೀರು ಹೊರಗೆ ಬರಬೇಕಾದರೆ ಆವಿ ಎಂಜಿನ್ನೇ ಗತಿ. ಬಾಯ್ಲರಿಗೆ ಸೌದೆ ಸುರಿದೂ ಸುರಿದೂ ಸುತ್ತಲ ಕಾಡು ಬೋಳಾಯಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು. ಕಾವೇರಿಯ ಆ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಮೊದಲು ಬಂದದ್ದು ನಮ್ಮ ಗಣಿಗೆ. ಆಮೇಲೆ ಆವಿ ಎಂಜಿನ್ನುಗಳು ಒಂದೊಂದೇ ಹಿಂದೆ ಸರಿದವು. ಗಣಿಯೂ 2001ರಲ್ಲಿ ಮುಚ್ಚಿತು.

ತಾತ ಒಂದು ವರ್ಕ್‌ಷಾಪಿನಲ್ಲಿ ದುಡಿದವರು. ಹೆಲ್ಪರ್ ಆಗಿ ಸೇರಿದರಂತೆ. ಕೈ ಚುರುಕು. ಆದರೆ ಡ್ರಾಯಿಂಗ್ ಓದಲು ಬರುತ್ತಿರಲಿಲ್ಲ. ಎಂಟು ವರ್ಷ ಬೇರೆಯವರು ಅಳತೆ ಹೇಳಬೇಕು, ಇವರು ಕೊರೆಯಬೇಕು. "ಕೆಲಸ ನಂದು, ಟರ್ನರ್ ಸಂಬಳ ಅವನದು" ಅಂತ ನಗ್ತಾರೆ. ಕೊನೆಗೆ ಊಟದ ಹೊತ್ತಿನಲ್ಲಿ ಗೆಳೆಯನೊಬ್ಬ ಅಂಕಿ ಹೇಳಿಕೊಟ್ಟ. ಆಮೇಲೆ ಟರ್ನರ್ ಆದರು.

ಕಬ್ಬಿನ ಗಾಣದ ಹಾಗೆ

ತಾತ ಆರಿಸಿಕೊಂಡಿರುವುದು ಲಿಬರ್ಟಿ ಹಡಗಿನ ಎಂಜಿನ್. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರ ಒಳಗೆ, ಅಮೆರಿಕದವರು ಇಂಥ 2,710 ಸಾಮಾನು ಹಡಗು ಕಟ್ಟಿದರು. ಆ ಹೊತ್ತಿಗೆ ಈ ಬಗೆಯ ಎಂಜಿನ್ ಹಳೇ ಕಾಲದ್ದು ಅನಿಸಿಕೊಂಡಿತ್ತು. ಆದರೂ ಅದನ್ನೇ ಹಾಕಿದರು. ಕಾರಣ ಇಷ್ಟೆ: ಇದನ್ನು ಹಲವು ಕಾರ್ಖಾನೆಗಳು ಒಟ್ಟಿಗೆ ಮಾಡಬಹುದಿತ್ತು. ಎಲ್ಲರ ಕೈಯಲ್ಲೂ ಒಂದೇ ಡ್ರಾಯಿಂಗ್. ಒಂದು ಊರಿನಲ್ಲಿ ಮಾಡಿದ ಭಾಗ ಇನ್ನೊಂದು ಊರಿನ ಎಂಜಿನ್ನಿಗೆ ಕೂರಬೇಕು. ಅಳತೆ ಸರಿ ಇದ್ದರೆ ಕೂರುತ್ತದೆ.

ಇದರಲ್ಲಿ ಮೂರು ಸಿಲಿಂಡರ್. ಸಿಲಿಂಡರ್ ಅಂದರೆ ದಪ್ಪ ಕೊಳವೆ. ಒಳಗೆ ಪಿಸ್ಟನ್ ಎಂಬ ಬಿಲ್ಲೆ ಮೇಲೆ ಕೆಳಗೆ ಓಡಾಡುತ್ತದೆ. ಆವಿ ಒಮ್ಮೆ ಮೇಲಿನಿಂದ ತಳ್ಳುತ್ತದೆ, ಒಮ್ಮೆ ಕೆಳಗಿನಿಂದ ತಳ್ಳುತ್ತದೆ. ಮರ ಕೊಯ್ಯುವ ದೊಡ್ಡ ಗರಗಸವನ್ನು ಇಬ್ಬರು ಎಳೆದಾಡುವುದಿಲ್ಲವೇ, ಹಾಗೆ.

ಮೂರು ಯಾಕೆ? ಗಾಣದಲ್ಲಿ ಕಬ್ಬನ್ನು ಒಂದೇ ಸಲ ಅರೆದು ಬಿಸಾಡುತ್ತಾರಾ? ಇಲ್ಲ. ಇನ್ನೂ ರಸ ಇದೆ ಅಂತ ಮತ್ತೆ ಕೊಡುತ್ತಾರೆ. ಆವಿಯೂ ಅಷ್ಟೆ. ಬಾಯ್ಲರಿನಿಂದ ಬರುವಾಗ ಅದರ ಒತ್ತಡ ಒಂದು ಚದರ ಇಂಚಿಗೆ ಸುಮಾರು 220 ಪೌಂಡ್. ನಮ್ಮ ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಸುಮಾರು 15 ಪೌಂಡ್ ಇರ್ತದೆ. ಲೆಕ್ಕ ಹಾಕಿ ನೋಡಿ, ಹದಿನಾಲ್ಕು ಹದಿನೈದು ಪಟ್ಟು! ಇಷ್ಟು ಬಲದ ಆವಿ ಮೊದಲು ಸಣ್ಣ ಸಿಲಿಂಡರಿಗೆ ಹೋಗಿ ತಳ್ಳುತ್ತದೆ. ಬಲ ಕಡಿಮೆಯಾಗುತ್ತದೆ, ಆದರೆ ಹಿಗ್ಗಿರುತ್ತದೆ. ಹಿಗ್ಗಿದ್ದಕ್ಕೆ ಹೆಚ್ಚು ಜಾಗ ಬೇಕಲ್ಲ? ಅದಕ್ಕೇ ಎರಡನೆಯದು ದೊಡ್ಡದು, ಮೂರನೆಯದು ಇನ್ನೂ ದೊಡ್ಡದು. ಅಡ್ಡಗಲ ಕ್ರಮವಾಗಿ ಇಪ್ಪತ್ತನಾಲ್ಕೂವರೆ ಇಂಚು, 37 ಇಂಚು, 70 ಇಂಚು. ಕೊನೆಯದರೊಳಗೆ ಒಬ್ಬ ಮನುಷ್ಯ ಅಡ್ಡ ಮಲಗಬಹುದು.

ಕೆಲಸ ಮುಗಿದ ಆವಿಯನ್ನು ಸಮುದ್ರದ ತಣ್ಣೀರಿನ ಕೊಳವೆಗಳಿಗೆ ತಾಗಿಸಿ ಮತ್ತೆ ನೀರು ಮಾಡುತ್ತಾರೆ. ಅದೇ ನೀರು ಬಾಯ್ಲರಿಗೆ ವಾಪಸ್. ಸುತ್ತ ಅಷ್ಟೊಂದು ನೀರಿದ್ದರೂ ಸಮುದ್ರದ ಉಪ್ಪುನೀರನ್ನು ಬಾಯ್ಲರಿಗೆ ಹಾಕುವ ಹಾಗಿಲ್ಲ. ನಮ್ಮ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳ ನೋಡಿ, ಬಿಳಿ ಚಕ್ಕೆ ಕಟ್ಟಿರುತ್ತದೆ. ಉಪ್ಪುನೀರಾದರೆ ಬಾಯ್ಲರಿನ ಗತಿ ಏನು!

ಈ ಎಂಜಿನ್ ನಿಮಿಷಕ್ಕೆ ಸುಮಾರು 76 ಸುತ್ತು ತಿರುಗುತ್ತದೆ. ನಿಧಾನವೇ. ಆದರೆ 2,500 ಕುದುರೆಯ ಬಲ. ಇವುಗಳಲ್ಲಿ ಜೆರೆಮಯಾ ಓಬ್ರಿಯನ್ ಎಂಬ ಒಂದು ಹಡಗು ಸಾನ್ ಫ್ರಾನ್ಸಿಸ್ಕೋ ಊರಿನಲ್ಲಿ ಉಳಿದಿದೆ. 1997ರ ಟೈಟಾನಿಕ್ ಸಿನಿಮಾದಲ್ಲಿ ಎಂಜಿನ್ ಕೋಣೆ ತೋರಿಸಲು ಈ ಹಡಗಿನ ಎಂಜಿನ್ನನ್ನೂ ಚಿತ್ರ ತೆಗೆದರು. ಸಿನಿಮಾ ನೋಡಿದವರು ಅದನ್ನು ಆಗಲೇ ನೋಡಿದ್ದೀರಿ ಅನ್ನಿ.

ಅಡಿಗೆ ಅರ್ಧ ಇಂಚು

ಈಗ ಇದನ್ನು ಚಿಕ್ಕದು ಮಾಡಬೇಕು. ತಾತ ಹಿಡಿದ ಲೆಕ್ಕ ಸುಲಭ. ನಿಜವಾದ ಎಂಜಿನ್ನಿನ ಒಂದು ಅಡಿಗೆ ಇಲ್ಲಿ ಅರ್ಧ ಇಂಚು. ಅಂದರೆ 24ರಲ್ಲಿ ಒಂದು ಪಾಲು. 19 ಅಡಿ ಎತ್ತರದ ಎಂಜಿನ್ ಒಂಬತ್ತೂವರೆ ಇಂಚಾಯಿತು.

ತೂಕ? ಅದೂ 24ರಲ್ಲಿ ಒಂದು ಪಾಲು ಅಂತೀರಾ? ನಾವೂ ಹಾಗೇ ಅಂದೆವು. ತಪ್ಪು. ಉದ್ದ 24 ಪಾಲು ಕಡಿಮೆ, ಅಗಲ 24 ಪಾಲು ಕಡಿಮೆ, ಎತ್ತರ 24 ಪಾಲು ಕಡಿಮೆ. ಮೂರನ್ನೂ ಗುಣಿಸಿದರೆ 13,824. ನಿಜವಾದದ್ದು ಸುಮಾರು 120 ಟನ್ ಇದ್ದರೆ, ಇದು ಬರೀ 9 ಕೆ.ಜಿ. ಹತ್ತಿರ ಬರುತ್ತದೆ. ಒಂದು ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು.

ಲೆಕ್ಕ ಕಾಗದದ ಮೇಲಾಯಿತು. ಲೋಹದಲ್ಲಿ ಬರಬೇಕಾದರೆ ಲೇತ್ ಬೇಕು. ತಾತನದು ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್, ಹಳೆಯದು ಕೊಂಡದ್ದು. ಕುಂಬಾರನ ತಿಗರಿಯಲ್ಲಿ ಮಣ್ಣು ತಿರುಗುತ್ತದೆ, ಕೈ ಆಕಾರ ಕೊಡುತ್ತದೆ. ಲೇತಿನಲ್ಲಿ ಲೋಹ ತಿರುಗುತ್ತದೆ, ಉಕ್ಕಿನ ಟೂಲು ತುರಿಯುತ್ತದೆ. ಲೋಹವನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುವ ಹಲ್ಲುಗಳಿಗೆ ಚಕ್ ಅಂತಾರೆ. ಒಂದು ವ್ಯತ್ಯಾಸ ಇದೆ. ಮಣ್ಣು ಹೆಚ್ಚು ಹೋದರೆ ಮತ್ತೆ ಮೆತ್ತಬಹುದು. ಲೋಹ ಹೋದರೆ ಹೋಯಿತು.

ಲೇತಿನ ಹತ್ತಿರ ಹೋದಾಗ ತಾತ ನಮ್ಮನ್ನು ತಡೆದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಜಡೆ ಗಂಟು ಹಾಕಿ, ಆಮೇಲೆ ಬನ್ನಿ ಅಂದರು. ಕೆಳಗೆ ಬಿದ್ದ ಸುರುಳಿ ಸುರುಳಿ ಚಿಪ್ಸ್ ಮಿನುಗುತ್ತಿತ್ತು. ಮುಟ್ಟಬೇಡಿ ಅಂದರು. ಬ್ಲೇಡಿನಷ್ಟು ಹರಿತ.

ಒಂದು ಸೊನ್ನೆಯ ಕಥೆ

ಇಲ್ಲಿ ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ.

ತಾತನಿಗೆ ಈಗ ಕಣ್ಣು ಮಂಜು. ಅವತ್ತು ದೊಡ್ಡ ಸಿಲಿಂಡರ್ ಲೇತಿನ ಮೇಲಿತ್ತು. ಗನ್‌ಮೆಟಲ್ ಎರಕ, ಬೆಲೆ ಜಾಸ್ತಿ. ಒಳಗೆ ಕೊರೆಯುವ ಕೆಲಸ, ಬೋರಿಂಗ್ ಅಂತಾರೆ. "ಟೀಚರ್, ಆ ಕಾಗದದಲ್ಲಿ ಬೋರ್ ಎಷ್ಟಿದೆ ಓದಿ" ಅಂದರು. 70 ಇಂಚಿನ 24ನೇ ಪಾಲು ಅಂದರೆ ಮಿಲಿಮೀಟರಿನಲ್ಲಿ 74.08. ಕಾಗದದಲ್ಲಿ ಸರಿಯಾಗಿಯೇ ಬರೆದಿತ್ತು. ನಾವು ಅವಸರದಲ್ಲಿ "ಎಪ್ಪತ್ತನಾಲ್ಕು ಪಾಯಿಂಟ್ ಎಂಟು" ಅಂದುಬಿಟ್ಟೆವು.

ತಾತ ಕೊರೆದರು. ಆಮೇಲೆ ಮೊದಲೇ ಮಾಡಿಟ್ಟಿದ್ದ ಪಿಸ್ಟನ್ ಇಳಿಸಿ ನೋಡಿದರು. ಅದು ಗಡಿಗೆಯೊಳಗಿನ ಸೌಟಿನ ಹಾಗೆ ಲೊಡಲೊಡ ಅಂದಿತು. ಅವರು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇಲ್ಲೊಂದು ಸೊನ್ನೆ ಇದೆ ಟೀಚರ್" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ತರಗತಿಯಲ್ಲಿ ನಾವು ಎರಡೂ ಅಂಕಿ ಬೋರ್ಡಿನ ಮೇಲೆ ಬರೆದೆವು. ದುಡ್ಡಿನ ಲೆಕ್ಕದಲ್ಲಿ ಕೇಳಿದೆವು. 74.08 ಅಂದರೆ 74 ರೂಪಾಯಿ 8 ಪೈಸೆ. 74.8 ಅಂದರೆ? ಒಬ್ಬರು 8 ಪೈಸೆ ಅಂದರು. ಬೀಡಿ ಕಟ್ಟುವ ಅಕ್ಕ ತಲೆ ಆಡಿಸಿ, "ಅಲ್ಲ, 80 ಪೈಸೆ. ಕೊನೇ ಸೊನ್ನೆ ಬರೆದಿಲ್ಲ ಅಷ್ಟೆ" ಅಂದರು. ಸರಿ. ಚುಕ್ಕೆ ಆದ ಮೇಲೆ ಮೊದಲ ಮನೆ ಹತ್ತನೇ ಪಾಲು, ಎರಡನೇ ಮನೆ ನೂರನೇ ಪಾಲು. ನಮ್ಮ ಬಾಯಿಂದ ಜಾರಿದ ಸೊನ್ನೆಯಿಂದ ಮುಕ್ಕಾಲು ಮಿಲಿಮೀಟರಿನಷ್ಟು ಲೋಹ ಹೋಗಿತ್ತು.

ತಾತ ಎರಕ ಬಿಸಾಡಲಿಲ್ಲ. ಸಿಲಿಂಡರಿನ ಗೋಡೆ ದಪ್ಪ ಇತ್ತು, ಬಚಾವಾಯಿತು. ತೂತನ್ನು ಇನ್ನಷ್ಟು ದೊಡ್ಡದು ಮಾಡಿ, ಒಳಗೆ ತೆಳುವಾದ ಒಂದು ಕೊಳವೆ ಬಿಗಿಯಾಗಿ ಕೂರಿಸಿದರು. ಇದಕ್ಕೆ ಲೈನರ್ ಅಂತಾರೆ. ಆಮೇಲೆ ಲೈನರನ್ನು 74.08ಕ್ಕೆ ಕೊರೆದರು. ನಾಲ್ಕು ದಿನ ಹೆಚ್ಚಿಗೆ ಹಿಡಿಯಿತು. ಅವತ್ತಿನಿಂದ ಅಳತೆಯನ್ನು ಒಬ್ಬರು ಓದಬೇಕು, ಇನ್ನೊಬ್ಬರು ತಿರುಗಿ ಹೇಳಬೇಕು ಅಂತ ಶೆಡ್ಡಿನಲ್ಲಿ ನಿಯಮವಾಯಿತು.

ಅಳೆಯುವ ಸಾಧನದ ಹೆಸರು ಮೈಕ್ರೋಮೀಟರ್. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಅದರ ಬಾಯಿ ಅರ್ಧ ಮಿಲಿಮೀಟರ್ ತೆರೆಯುತ್ತದೆ. ಹಿಡಿಯ ಸುತ್ತ 50 ಗೆರೆ. ಅಂದರೆ ಒಂದು ಗೆರೆಗೆ ಮಿಲಿಮೀಟರಿನ ನೂರನೇ ಒಂದು ಪಾಲು. ನಮ್ಮ ತಲೆಗೂದಲು ಇಂಥ ಐದರಿಂದ ಹತ್ತು ಗೆರೆಯಷ್ಟು ದಪ್ಪ. ಸಣ್ಣ ಪಿಸ್ಟನ್ ಅಳೆದಾಗ ಉದ್ದದ ಗೆರೆಯಲ್ಲಿ 25, ಅದರ ಮೇಲೆ ಅರ್ಧ, ಹಿಡಿಯಲ್ಲಿ 40ನೇ ಗೆರೆ ಬಂತು. ಕೂಡಿಸಿ: 25.90. ಸಿಲಿಂಡರಿನ ತೂತು 25.93. ನಡುವೆ ಮೂರು ಗೆರೆ ಸಂದು. ಸಂದು ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಆವಿ ಸೋರುತ್ತದೆ.

ಕಷ್ಟದ ಕೆಲಸ

ಎಲ್ಲಕ್ಕಿಂತ ಕಷ್ಟ ಕ್ರ್ಯಾಂಕ್‌ಷಾಫ್ಟ್. ಬಾವಿಯ ರಾಟೆಗೆ ಹಿಡಿ ಇರ್ತದಲ್ಲ, ಅಂಥ ಮೂರು ಹಿಡಿ ಒಂದೇ ಸರಳಿನ ಮೇಲೆ. ಪಿಸ್ಟನ್ ಮೇಲೆ ಕೆಳಗೆ ಆಡುವುದನ್ನು ಇದು ಸುತ್ತು ತಿರುಗುವುದಾಗಿ ಮಾಡುತ್ತದೆ. ಮೂರು ಹಿಡಿಗಳು ಮೂರು ದಿಕ್ಕಿಗೆ ಸಮವಾಗಿ ಹಂಚಿರಬೇಕು. ಒಂದು ಸುತ್ತಿಗೆ 360 ಡಿಗ್ರಿ, ಹಿಡಿಯಿಂದ ಹಿಡಿಗೆ 120.

ದೊಡ್ಡ ಹಡಗಿನಲ್ಲಿ ಇದನ್ನು ಬಿಡಿ ತುಂಡುಗಳಿಂದ ಜೋಡಿಸುತ್ತಾರೆ. ಪಟ್ಟಿಯ ತೂತನ್ನು ಕಾಯಿಸಿ ಹಿಗ್ಗಿಸಿ ಸರಳಿಗೆ ಏರಿಸುತ್ತಾರೆ. ಆರಿದಾಗ ಬಿಗಿಯುತ್ತದೆ. ನಮ್ಮ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದೂ ಇದೇ ಉಪಾಯ. ತಾತನೂ ತುಂಡು ಜೋಡಿಸಿಯೇ ಮಾಡಿದರು. ಮೊದಲು ಉದ್ದದ ಸರಳು ಪೂರ್ತಿ ಇಟ್ಟು ಪಟ್ಟಿಗಳನ್ನು ಕೂರಿಸಿ, ಪಿನ್ ಹೊಡೆದು, ಎಲ್ಲ ಗಟ್ಟಿಯಾದ ಮೇಲೆ ಹಿಡಿಗಳ ನಡುವೆ ಬೇಡದ ಸರಳನ್ನು ಗರಗಸದಿಂದ ಕೊಯ್ದು ತೆಗೆದರು. ಮೊದಲೇ ಕೊಯ್ದರೆ ನೇರ ನಿಲ್ಲುವುದಿಲ್ಲ.

ಇನ್ನೊಂದು ತೊಡಕಿದೆ. ಎಂಜಿನ್ ಚಿಕ್ಕದಾಗುತ್ತದೆ, ಆವಿಯ ಗುಣ ಬದಲಾಗುವುದಿಲ್ಲ. ಸಣ್ಣ ಲೋಟದ ಕಾಫಿ ಬೇಗ ಆರುವ ಹಾಗೆ, ಸಣ್ಣ ಸಿಲಿಂಡರಿನಲ್ಲಿ ಆವಿ ಬೇಗ ತಣಿದು ನೀರಾಗುತ್ತದೆ. ಮೂರನೇ ಸಿಲಿಂಡರ್ ಮುಟ್ಟುವ ಹೊತ್ತಿಗೆ ಬಲವೇ ಇರುವುದಿಲ್ಲ. ಅದಕ್ಕೆ ಇಂಥ ಮಾದರಿಗಳನ್ನು ಬಹಳ ಜನ ಗಾಳಿಯಿಂದಲೇ ಓಡಿಸುತ್ತಾರೆ. ಬಾಯ್ಲರಿನ ಅಪಾಯವೂ ಇಲ್ಲ. ಮಕ್ಕಳು ಡಬ್ಬಕ್ಕೆ ಬೆಸುಗೆ ಹಾಕಿ ಬಾಯ್ಲರ್ ಮಾಡಲು ಹೊರಟರೆ ಬಿಡಬೇಡಿ, ಸಿಡಿದರೆ ಬಾಂಬಿನ ಹಾಗೆ.

ಹೋದ ತಿಂಗಳು ಒಂದು ಭಾನುವಾರ ಪಂಕ್ಚರ್ ಅಂಗಡಿಯ ಕಂಪ್ರೆಸರ್ ತರಿಸಿದರು. ನಮ್ಮ ತರಗತಿಯವರೆಲ್ಲ ಬಂದಿದ್ದರು. ಪೈಪು ಸಿಕ್ಕಿಸಿ ಗಾಳಿ ಬಿಟ್ಟರು. ಎಂಜಿನ್ ಅಲ್ಲಾಡಲಿಲ್ಲ. ತಾತ ಬೆರಳಿನಿಂದ ಅರ್ಧ ಸುತ್ತು ತಳ್ಳಿದರು. ಟಿಕ್ ಟಿಕ್ ಅಂತ ಮೂರು ಪಿಸ್ಟನ್ನೂ ಒಂದರ ಹಿಂದೆ ಒಂದು ಎದ್ದವು. ಬೀಡಿ ಅಕ್ಕ ಗೋಡೆ ಗಡಿಯಾರ ನೋಡಿಕೊಂಡು ಸುತ್ತು ಎಣಿಸಿದರು. ನಿಮಿಷಕ್ಕೆ 90 ಬಂತು. "ನಿಜವಾದದ್ದಕ್ಕೆ 76, ಗಾಳಿ ಕಡಿಮೆ ಮಾಡಿ ತಾತ" ಅಂದರು.

ತಾತ ಕಡಿಮೆ ಮಾಡಿದರು. ಆಮೇಲೆ ಒಂದು ಬೇರಿಂಗ್ ಮುಟ್ಟಿ ನೋಡಿ, ಬಿಸಿ ಆಗ್ತಿದೆ ಅಂತ ನಿಲ್ಲಿಸಿ, ಸ್ಪ್ಯಾನರ್ ತೆಗೆದುಕೊಂಡು ಬಿಚ್ಚಲು ಕೂತರು.